ದೋಷಸೂಚನೆಯೂ ದೋಷಸ್ಥಾನವೂ

ಗಣಕಯಂತ್ರದ ಪ್ರೋಗ್ರಾಮು ಫೈಲೊಂದನ್ನು ಓದುತ್ತಿರುವಾಗ ನಡುವೆ ನಿಂತುಹೋದರೆ ಒಂದು ದೋಷಸೂಚನೆಯನ್ನು ಕೊಡುತ್ತದೆ. ಆ ಸೂಚನೆಯು ತಪ್ಪಿರುವ ಸ್ಥಳವನ್ನೇ ತೋರಿಸುತ್ತದೆಂದು ಭಾವಿಸುವುದು ವಾಡಿಕೆ. ಆದರೆ ಅದರಿಂದ ತಿಳಿಯುವುದು ಓದು ಎಲ್ಲಿ ನಿಂತಿತೆಂಬುದು ಮಾತ್ರ. ತಪ್ಪು ಎಲ್ಲಿ ಹುಟ್ಟಿತೆಂಬುದಲ್ಲ. ಕಾವ್ಯಗಳ ಪದಗಣನೆಗೂ ಛಂದಃಪರಿಶೀಲನೆಗೂ ಯಂತ್ರವನ್ನು ಬಳಸುವವರು ಈ ಭೇದವನ್ನು ಅರಿತಿರುವುದು ಅವಶ್ಯಕ.

ಕಂದಪದ್ಯದ ವಿಷಮಪಾದಗಳಲ್ಲಿ 12, ಸಮಪಾದಗಳಲ್ಲಿ 20 ಮಾತ್ರೆಗಳಿರುವುದು ಸುವಿದಿತ. ನೂರು ಕಂದಗಳ ಮಾತ್ರಾಸಂಖ್ಯೆಯನ್ನು ಪದ್ಯಕ್ಕೊಂದು ಸಾಲಿನಂತೆ ‘12 20 12 20’ ಎಂದು ಫೈಲಿನಲ್ಲಿ ಬರೆದಿದೆಯೆಂದೂ, 37ನೆಯ ಸಾಲಿನಲ್ಲಿ ಕೊನೆಯ ಅಂಕಿ ಕೈತಪ್ಪಿನಿಂದ ಬಿಟ್ಟುಹೋಗಿದೆಯೆಂದೂ ಇಟ್ಟುಕೊಳ್ಳಬಹುದು. 1957ರಲ್ಲಿ ಬಳಕೆಗೆ ಬಂದ ಫೋರ್ಟ್ರಾನ್ ಭಾಷೆಯಲ್ಲಿ ಅಂಕಣಗಳನ್ನು ಮೊದಲೇ ಗೊತ್ತುಮಾಡದೆ ಅಂಕಿಗಳನ್ನು ಓದುವ ವಿಧಾನವೊಂದುಂಟು. ಫೋರ್ಟ್ರಾನ್ 77ರ ಮಾನಕವು ಅದನ್ನು ವಿಧಿಸಿತು. ಇದರ ಪ್ರಕಾರ, ಕೇಳಿದಷ್ಟು ಅಂಕಿಗಳು ಒಂದು ಸಾಲಿನಲ್ಲಿ ದೊರೆಯದಿದ್ದರೆ ಯಂತ್ರವು ಮುಂದಿನ ಸಾಲಿನಿಂದ ಕೊರತೆಯನ್ನು ತುಂಬಿಕೊಳ್ಳುತ್ತದೆ. ಆ ಸಾಲಿನಲ್ಲಿ ಮಿಕ್ಕುದನ್ನು ಬಿಟ್ಟುಬಿಡುತ್ತದೆ.

ಇದರ ಪರಿಣಾಮವು ವಿಚಾರಾರ್ಹವಾದುದು. 37ನೆಯ ಪದ್ಯವು 38ನೆಯದರ ಮೊದಲ ಅಂಕಿಯನ್ನು ಸೆಳೆದುಕೊಂಡು ‘12 20 12 12’ ಎಂದಾಗುತ್ತದೆ. ಲಿಪಿಕಾರನ ಲೋಪವು ಕವಿಯ ಛಂದೋಭಂಗವಾಗಿ ತೋರುತ್ತದೆ. 38ನೆಯ ಪದ್ಯವು ಲೆಕ್ಕದಿಂದ ಮಾಯವಾಗುತ್ತದೆ. ಮುಂದಿನವೆಲ್ಲವೂ ಒಂದೊಂದು ಸ್ಥಾನ ಹಿಂದಕ್ಕೆ ಸರಿಯುತ್ತವೆ. ಯಂತ್ರವು ಆಗಲೂ ಮೌನವಾಗಿಯೇ ಇರುತ್ತದೆ. ನೂರನೆಯ ಸಲ ಓದಹೊರಟಾಗ ಮಾತ್ರ ‘ಫೈಲು ಮುಗಿಯಿತು’ ಎಂಬ ಅರ್ಥದ ಸೂಚನೆ ಬರುತ್ತದೆ. ಅದನ್ನು ನಂಬಿದವನು ಫೈಲಿನ ಕೊನೆಯನ್ನು ಪರೀಕ್ಷಿಸುತ್ತಾನೆ. ಅಲ್ಲಿ ಯಾವ ದೋಷವೂ ಇರುವುದಿಲ್ಲ. ಸೂಚನೆಯೊಡನೆ ಸಾಲಿನ ಸಂಖ್ಯೆಯೊಂದು ಕಂಡುಬಂದರೂ, ಜಿಫೋರ್ಟ್ರಾನಿನಲ್ಲಿ ಅದು ಪ್ರೋಗ್ರಾಮಿನ ಸಾಲೇ ಹೊರತು ಫೈಲಿನದಲ್ಲ. ಇನ್ನು ‘ಮುಗಿಯುವವರೆಗೆ ಓದು’ ಎಂದು ವಿಧಿಸಿದ್ದರೆ ಸೂಚನೆಯೇ ಹುಟ್ಟದೆ, 99 ಪದ್ಯಗಳ ತಪ್ಪು ಲೆಕ್ಕವು ಸರಿಯಾದುದೆಂದೇ ಸ್ವೀಕೃತವಾಗುತ್ತದೆ.

ಇಂತಹ ಭ್ರಾಂತಿ ಫೋರ್ಟ್ರಾನಿಗೆ ಮಾತ್ರ ಸೇರಿದುದಲ್ಲ. ಪೈಥಾನ್ ಭಾಷೆಯಲ್ಲಿ ಅಲ್ಪವಿರಾಮಗಳಿಂದ ವಿಂಗಡಿಸಿದ ಫೈಲನ್ನು ಓದುವಾಗ, ತೆರೆದ ಉದ್ಧರಣಚಿಹ್ನೆಯೊಂದು ಮುಚ್ಚದೆ ಉಳಿದರೆ, ಮುಂದಿನ ಸಾಲುಗಳೆಲ್ಲವೂ ಒಂದೇ ಅಂಕಣವಾಗಿ ಬೆಳೆಯುತ್ತವೆ. ಫೈಲು ದೊಡ್ಡದಾಗಿದ್ದರೆ, ಅಂಕಣವು 131072 ಅಕ್ಷರಗಳ ಮಿತಿಯನ್ನು ಮೀರಿತೆಂಬ ಸೂಚನೆ ಬರುತ್ತದೆ. ಆ ಮಿತಿಯನ್ನು ಹೆಚ್ಚಿಸಿದರೆ ರೋಗವು ಮರೆಯಾಗುತ್ತದೆಯೇ ಹೊರತು ವಾಸಿಯಾಗುವುದಿಲ್ಲ.

ಪರಿಹಾರವು ಸರಳವಾದುದು. ಪ್ರತಿಯೊಂದು ಸಾಲನ್ನೂ ಮೊದಲು ಅಕ್ಷರಗಳ ಸಾಲಾಗಿಯೇ ತೆಗೆದುಕೊಂಡು, ಅನಂತರ ಅದರೊಳಗಿಂದ ಮಾತ್ರ ಅಂಕಿಗಳನ್ನು ಆರಿಸಬೇಕು. ಕೊರತೆ ಕಂಡೊಡನೆ ಫೈಲಿನ ಸಾಲಿನ ಸಂಖ್ಯೆಯನ್ನು ಹೇಳಿ ನಿಲ್ಲುವಂತೆ ವಿಧಿಸಬೇಕು. ಓಲೆಯ ಪ್ರತಿಗಳನ್ನು ಶೋಧಿಸುವವರಿಗೆ ಈ ನ್ಯಾಯವು ಹೊಸದಲ್ಲ: ಅರ್ಥ ಕೆಟ್ಟ ಸ್ಥಳವೂ ಅಕ್ಷರ ಬಿಟ್ಟ ಸ್ಥಳವೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಆದಕಾರಣ ಸೂಚನೆ ಬಂದ ಸ್ಥಳದಿಂದ ಹಿಂದಕ್ಕೆ ಹುಡುಕುತ್ತ ಹೋಗುವುದೇ ಯುಕ್ತವಾದ ಕ್ರಮ.