ಹಿತ್ತಲ ತರಕಾರಿ: ಮಲೆನಾಡಿನ ನಾಲ್ಕು ನಂಬಿಕೆ, ನಾಲ್ಕು ವಾಸ್ತವ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಹಿತ್ತಲಿಗೆ ಜಾಗದ ಬರವಿಲ್ಲ, ನೀರಿಗಂತೂ ಮಳೆಗಾಲದಲ್ಲಿ ಕೊರತೆಯೇ ಇಲ್ಲ. ಆದರೂ ಪೇಟೆ ಬಿಟ್ಟು ಊರಿಗೆ ಮರಳಿದವರು ಮೊದಲ ಸಲ ಹಾಕಿದ ಎಷ್ಟೋ ಬಳ್ಳಿಗಳು ಆಷಾಢ ದಾಟುವುದಿಲ್ಲ. ಬೈಗುಳ ಬೀಜದಂಗಡಿಗೆ ಬೀಳುತ್ತದೆ. ಕಾರಣ ಹೆಚ್ಚಾಗಿ ಇರುವುದು ಮಳೆಯಲ್ಲಿ.

ನಂಬಿಕೆ: ಮಲೆನಾಡಿನ ಮಣ್ಣಿಗೆ ಏನು ಹಾಕಿದರೂ ಬರುತ್ತದೆ

ಸುತ್ತಲಿನ ಹಸಿರು ಕಂಡು ಹುಟ್ಟಿದ ಮಾತಿದು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಗೆ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮಿಕ್ಕಿ ಮಳೆ. ಹೊಸನಗರದ ಹುಲಿಕಲ್ಲು ಅದರೊಂದಿಗೆ ಪೈಪೋಟಿಗೆ ಬೀಳುತ್ತದೆ. ಬೆಂಗಳೂರಿಗೆ ಸಿಗುವುದು 1,000 ಮಿ.ಮೀ. ಆಸುಪಾಸು. ಇಷ್ಟು ನೀರು ಹರಿದರೆ ಜಂಬಿಟ್ಟಿಗೆ ಮಣ್ಣಿನ ಸುಣ್ಣ, ಪೊಟ್ಯಾಷ್ ಅಂಶ ತೊಳೆದುಹೋಗಿ ಹುಳಿ ಮಣ್ಣು ಉಳಿಯುತ್ತದೆ. ಕಾಡು ಬದುಕುವುದು ತಾನು ಉದುರಿಸಿದ ಎಲೆಯ ಗೊಬ್ಬರದಿಂದ; ಬೋಳು ಅಂಗಳದ ಬೆಂಡೆಗೆ ಆ ಭಾಗ್ಯವಿಲ್ಲ.

ಹೆಚ್ಚಿನ ತರಕಾರಿಗೆ ರಸಸಾರ 6ರಿಂದ 7 ಇದ್ದರೆ ಹಿತ. ನಾಲ್ಕೈದು ಕಡೆ ಒಂದು ಗೇಣು ಆಳದವರೆಗಿನ ಮಣ್ಣು ತೆಗೆದು ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟನ್ನು ಪರೀಕ್ಷೆಗೆ ಕೊಟ್ಟರೆ ಸುಣ್ಣದ ಲೆಕ್ಕ ಗೊತ್ತಾಗುತ್ತದೆ. ಎಲ್ಲಿ ಕೊಡಬೇಕೆಂಬುದನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ಬಚ್ಚಲೊಲೆಯ ಬೂದಿಯೂ ಹುಳಿ ತಗ್ಗಿಸುತ್ತದೆ. ಆದರೆ ಅದನ್ನು ಹಸಿ ಸೆಗಣಿಯೊಂದಿಗೆ ಕಲಸಿದರೆ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ.

ನಂಬಿಕೆ: ಮಳೆ ಹಿಡಿದ ಮೇಲೆ ಬೀಜ ಹಾಕಿದರಾಯಿತು

ಆರಿದ್ರೆಯ ಜಡಿಮಳೆಗೆ ಸಿಕ್ಕ ಬೀಜ ಕೊಳೆಯುತ್ತದೆ, ಮೊಳೆತ ಸಸಿಯ ಬುಡ ಕರಗುತ್ತದೆ. ಸೌತೆ, ಹೀರೆ, ಹಾಗಲ ಬೀಜಕ್ಕೆ ಮೇ ತಿಂಗಳ ಕೃತ್ತಿಕೆ, ರೋಹಿಣಿ ಮಳೆಯ ಹದವೇ ಸರಿ. ಪುನರ್ವಸು ಹೊತ್ತಿಗೆ ಬಳ್ಳಿ ಚಪ್ಪರ ಹಿಡಿದಿರಬೇಕು. ಮಡಿ ಒಂದಡಿ ಎತ್ತರವಿರಲಿ, ಪಕ್ಕದಲ್ಲಿ ಬಸಿಗಾಲುವೆ ಇರಲಿ. ಮೂಲಂಗಿ, ಟೊಮೆಟೊ, ಕೋಸು ಮಳೆ ಹಿಂದಾದ ಮೇಲಿನವು. ಮೊದಲ ವರ್ಷವೇ ಧೈರ್ಯ ಬೇಕೆಂದರೆ ಕೆಸು ನೆಡುವುದು ಲೇಸು: ಅದಕ್ಕೆ ತೇವವೆಂದರೆ ಹಬ್ಬ, ಪತ್ರೊಡೆಗೂ ಆಯಿತು.

ನಂಬಿಕೆ: ಹೂ ಉದುರಿದರೆ ಗೊಬ್ಬರ ಸಾಲದು

ಸೌತೆ, ಕುಂಬಳದ ಜಾತಿಯಲ್ಲಿ ಸಾಮಾನ್ಯವಾಗಿ ಮೊದಲು ಬರುವುದು ಗಂಡು ಹೂ. ಅದು ಉದುರಲೇಬೇಕು. ಹೆಣ್ಣು ಹೂವನ್ನು ಗುರುತಿಸುವುದು ಸುಲಭ, ಎಸಳಿನ ಹಿಂದೆ ಪುಟ್ಟ ಮಿಡಿ ಅಂಟಿರುತ್ತದೆ. ಆ ಮಿಡಿಯೇ ಹಳದಿಯಾಗಿ ಬಿದ್ದರೆ ಜೇನು ಬಂದಿಲ್ಲವೆಂಬ ಅನುಮಾನ ಬರಬೇಕು. ಜಡಿಮಳೆಯಲ್ಲಿ ಜೇನು ಗೂಡು ಬಿಡುವುದಿಲ್ಲ. ಗಂಡು ಹೂವೊಂದನ್ನು ಕಿತ್ತು, ಎಸಳು ತೆಗೆದು, ಕೇಸರವನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಒರೆಸಿದರೆ ಕೆಲಸ ಆಯಿತು. ಕುಂಬಳಕ್ಕೆ ಬೆಳಗಿನ ಜಾವ, ಹೀರೆಗೆ ಸಂಜೆ. ಅವು ಅರಳುವುದು ಆಗ. ಇಲ್ಲಿ ಯೂರಿಯಾ ಸುರಿದರೆ ಎಲೆ ಹೆಚ್ಚುತ್ತದೆ, ಕಾಯಿಯಲ್ಲ.

ನಂಬಿಕೆ: ಕಾಡಿನ ದರಕು ಪುಕ್ಕಟೆ, ಅಪಾಯವೂ ಇಲ್ಲ

ಮಳೆ ಹೊಡೆತಕ್ಕೆ ಮಣ್ಣು ಕೊಚ್ಚಿಹೋಗದಂತೆ ಹೊದಿಕೆ ಬೇಕು ನಿಜ. ಆದರೆ ದರಕು ಗುಡಿಸುವ ಬೇಸಿಗೆಯೂ ಮಂಗನ ಕಾಯಿಲೆಯ ಕಾಲವೂ ಒಂದೇ, ಡಿಸೆಂಬರ್‌ನಿಂದ ಮೇವರೆಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ ಉಣುಗಿನ ಕಡಿತದಿಂದ ಹರಡುತ್ತದೆ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಜೀವಗಳನ್ನೇ ತೆಗೆದುಕೊಂಡಿತು. ಹಿತ್ತಲ ಮಡಿಗೆ ಅಂಗಳದ ಎಲೆ, ತೋಟದ ಅಡಿಕೆ ಸೋಗೆ ಧಾರಾಳ ಸಾಕು. ಕಾಡಿಗೆ ಹೋಗಲೇಬೇಕಾದರೆ ಮೈತುಂಬ ಬಟ್ಟೆ, ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ, ಮರಳಿದೊಡನೆ ಬಿಸಿನೀರ ಸ್ನಾನ. ಸತ್ತ ಮಂಗ ಕಂಡರೆ ಆ ಕಡೆ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.