ಬಯಲ ಸಂಗೀತಕ್ಕೆ ಹೊರಡುವ ಮುನ್ನ

ಶಾಲೆಯ ಮಕ್ಕಳನ್ನು ಹಂಪಿ ಉತ್ಸವಕ್ಕೆ ಕರೆದುಕೊಂಡು ಹೋಗಿದ್ದೆವು. ಹಗಲೆಲ್ಲ ವಿಜಯವಿಠ್ಠಲ ದೇವಾಲಯ, ಕಮಲ ಮಹಲು ಎಂದು ಸುತ್ತಾಡಿ ಸಂಜೆ ಎದುರು ಬಸವಣ್ಣ ವೇದಿಕೆಯ ಮುಂದೆ ಬಂದಾಗ ಕುರ್ಚಿಗಳೆಲ್ಲ ತುಂಬಿದ್ದವು. ನಿಂತೇ ಸಂಗೀತ ಕೇಳತೊಡಗಿದೆವು. ಎರಡು ತಾಸು ಕಳೆದಿರಬೇಕು, ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕಡಿದ ಬಾಳೆಗಿಡದಂತೆ ಕುಸಿದು ಬಿದ್ದ. ಜನ ಮುತ್ತಿಕೊಂಡರು. ಒಬ್ಬರು ಬಾಯಿಗೆ ನೀರು ಹಾಕಿ ಎಂದರು. ಇನ್ನೊಬ್ಬರು ಕೈಗೆ ಬೀಗದ ಕೈ ಕೊಡಿ ಎಂದರು. ನಾನೋ ಗಾಬರಿಯಲ್ಲಿ ಅವನನ್ನು ಎತ್ತಿ ಕೂರಿಸಲು ಹೊರಟಿದ್ದೆ. ಅಷ್ಟರಲ್ಲಿ ಗುಂಪಿನಲ್ಲಿದ್ದ ನರ್ಸಮ್ಮ ಒಬ್ಬರು ಮುಂದೆ ಬಂದು, "ಎತ್ತಬ್ಯಾಡ್ರೀ ಸರ್, ಹಂಗ ಮಲಗಿಸ್ರಿ. ಕಾಲು ಮ್ಯಾಲೆ ಹಿಡೀರಿ" ಎಂದು ಗದರಿದರು. ಒಂದು ನಿಮಿಷವೂ ಆಗಿರಲಿಲ್ಲ, ಹುಡುಗ ಕಣ್ಣು ಬಿಟ್ಟ.

ರಕ್ತಪರಿಚಲನೆಯ ಪಾಠವನ್ನು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಹೇಳಿದವನು ನಾನು. ಬೇಕಾದ ಹೊತ್ತಿಗೆ ಅದು ನನ್ನ ನೆನಪಿಗೇ ಬರಲಿಲ್ಲ! ಹಂಪಿ ಉತ್ಸವ, ಮೈಸೂರಿನ ಯುವ ದಸರಾ, ಕಾಲೇಜುಗಳ ಬಯಲು ಕಾರ್ಯಕ್ರಮಗಳಿಗೆ ಇಂದು ಸಾವಿರಾರು ವಿದ್ಯಾರ್ಥಿಗಳು ಹೋಗುತ್ತಾರೆ. ಅಲ್ಲಿ ಬರುವ ತೊಂದರೆಗಳಲ್ಲಿ ಹೆಚ್ಚಿನವು ಸಣ್ಣವೇ. ಆದರೆ ಯಾವುದು ಸಣ್ಣದು, ಯಾವುದು ಅಲ್ಲ ಎಂಬುದನ್ನು ಮನೆಯಲ್ಲೇ ತಿಳಿದು ಹೊರಡಬೇಕು.

ತಲೆಸುತ್ತು ಏಕೆ?

ನಡೆಯುವಾಗ ಮೀನಖಂಡದ ಸ್ನಾಯುಗಳು ಪಂಪಿನಂತೆ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಅಲುಗಾಡದೆ ನಿಂತರೆ ರಕ್ತ ಕಾಲುಗಳಲ್ಲೇ ಉಳಿಯುತ್ತದೆ. ಮಿದುಳಿಗೆ ರಕ್ತ ಸಾಲದಾದಾಗ ಕಣ್ಣು ಕತ್ತಲಿಟ್ಟು ಮನುಷ್ಯ ಬೀಳುತ್ತಾನೆ. ಬಿದ್ದಾಗ ತಲೆ ಹೃದಯದ ಮಟ್ಟಕ್ಕೆ ಬರುವುದರಿಂದ ರಕ್ತ ಮತ್ತೆ ಹರಿಯುತ್ತದೆ. ಅಂಥವನನ್ನು ಎತ್ತಿ ಕೂರಿಸಿದರೆ ಆ ಅನುಕೂಲವನ್ನೇ ತಪ್ಪಿಸಿದಂತೆ. ಮಲಗಿಸಿ, ಕಾಲನ್ನು ಒಂದಡಿ ಎತ್ತರಿಸಿ, ಬಿಗಿಯಾದ ಬಟ್ಟೆ ಸಡಿಲಿಸಿ, ಸುತ್ತಲಿನವರನ್ನು ಹಿಂದೆ ಸರಿಸಿ. ಪೂರ್ತಿ ಎಚ್ಚರವಾಗುವ ತನಕ ಬಾಯಿಗೆ ನೀರು ಹಾಕಬೇಡಿ; ಅದು ಶ್ವಾಸನಾಳಕ್ಕೆ ಇಳಿಯಬಹುದು. ಒಂದೆರಡು ನಿಮಿಷದಲ್ಲಿ ಎಚ್ಚರವಾಗದಿದ್ದರೆ, ತಲೆಗೆ ಪೆಟ್ಟಾಗಿದ್ದರೆ, ಎದೆನೋವು ಎಂದರೆ ಅದು ಸಣ್ಣದಲ್ಲ. ಉಸಿರಾಟವನ್ನು ಗಮನಿಸುತ್ತಲೇ ಕೂಡಲೆ 108ಕ್ಕೆ ಕರೆ ಮಾಡಿ.

ನೀರು, ಉಪ್ಪು, ಬೆವರು

2025ರ ಹಂಪಿ ಉತ್ಸವ ನಡೆದದ್ದು ಫೆಬ್ರುವರಿ 28ರಿಂದ ಮಾರ್ಚ್ 2ರ ವರೆಗೆ. ಆ ಹೊತ್ತಿಗೆ ಬಯಲುಸೀಮೆಯಲ್ಲಿ ಬೇಸಿಗೆಯ ಬಾಗಿಲು ತೆರೆದಿರುತ್ತದೆ. ಹಗಲು ಕಾದ ಬಂಡೆಗಳು ಸಂಜೆಯೂ ಶಾಖ ಬಿಡುತ್ತಿರುತ್ತವೆ. ದೇಹವನ್ನು 37 ಡಿಗ್ರಿಯ ಆಸುಪಾಸಿನಲ್ಲಿ ಇಡಲು ಬೆವರು ಆವಿಯಾಗಬೇಕು. ಬೆವರಿಗೆ ನೀರು ಬೇಕು. ಶೌಚಾಲಯದ ಸಾಲಿಗೆ ಹೆದರಿ ನೀರು ಬಿಡುವ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಬಹಳ. ಮಜ್ಜಿಗೆ, ನಿಂಬೆ ಪಾನಕ, ಹೊಟ್ಟೆಗೆ ಊಟ ಇದ್ದರೆ ಸಾಮಾನ್ಯವಾಗಿ ಸಾಕು.

ಭೇದಿಯಾದರೆ ಓಆರ್‌ಎಸ್ ಬೇಕು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಾಲನಬೀಸ್ ಉಪ್ಪು-ಗ್ಲೂಕೋಸ್ ನೀರನ್ನು ಕುಡಿಸಿಯೇ ಸುಮಾರು ಶೇ 30ರಷ್ಟಿದ್ದ ಸಾವನ್ನು ಶೇ 4ಕ್ಕೂ ಕೆಳಗಿಳಿಸಿದರು. ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಶುದ್ಧ ನೀರಿಗೆ ಹಾಕಬೇಕು, ಅಂದಾಜಿನಲ್ಲಿ ಲೋಟಕ್ಕೆ ಉದುರಿಸಬಾರದು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಪೆಟ್ಟಿಗೆಯಲ್ಲಿ ಮಾರುವ ಸಿಹಿ ಪಾನೀಯ ಓಆರ್‌ಎಸ್ ಅಲ್ಲ. ಕತ್ತರಿಸಿಟ್ಟ ಹಣ್ಣು, ಐಸ್ ಹಾಕಿದ ಶರಬತ್ತು ಬಿಟ್ಟು ಕಣ್ಣೆದುರೇ ಬಿಸಿಯಾಗಿ ಬೆಂದದ್ದನ್ನು ತಿಂದರೆ ಈ ಪೊಟ್ಟಣ ಬಿಚ್ಚುವ ಪ್ರಸಂಗವೇ ಬರಲಾರದು.

ಬಿಸಿಲಲ್ಲಿದ್ದವನ ಮೈ ಸುಡುತ್ತಿದ್ದು ಮಾತು ತೊದಲಿದರೆ, ಅಸಂಬದ್ಧವಾಗಿ ಮಾತನಾಡಿದರೆ ಅದು ಬಿಸಿಲಾಘಾತ, ಪ್ರಾಣಕ್ಕೆ ಅಪಾಯ. ಆಂಬುಲೆನ್ಸ್ ಬರುವ ತನಕ ಸುಮ್ಮನೆ ಕಾಯಬೇಡಿ. ನೆರಳಿಗೆ ಒಯ್ದು, ಮೈಗೆ ನೀರು ಸುರಿದು, ಗಾಳಿ ಬೀಸುತ್ತಲೇ ಇರಿ.

ಕಿವಿಯೂ ಅಂಗವೇ

ಧ್ವನಿವರ್ಧಕದ ಪಕ್ಕ ನಿಲ್ಲುವುದನ್ನು ಹುಡುಗರು ಸಾಹಸವೆಂದು ತಿಳಿದಿದ್ದಾರೆ. 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ತಾಳಬಹುದು ಎನ್ನುವುದು ತಜ್ಞರ ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದಂತೆ ಶಬ್ದಶಕ್ತಿ ಇಮ್ಮಡಿ, ತಾಳುವ ಅವಧಿ ಅರ್ಧ. 100 ಡೆಸಿಬೆಲ್‌ಗೆ ಬಂದರೆ ಎಷ್ಟು? ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಲಿ: ಹದಿನೈದೇ ನಿಮಿಷ! ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ದೂರ ನಿಲ್ಲಿ, ನಡುನಡುವೆ ಹೊರಗೆ ಬನ್ನಿ. ಔಷಧ ಅಂಗಡಿಯಲ್ಲಿ ಸಿಗುವ ಕಿವಿಬೆಣೆ ಹಾಕಿಕೊಳ್ಳಿ. ಹತ್ತಿಯಿಂದ ಹೆಚ್ಚು ಪ್ರಯೋಜನವಿಲ್ಲ. ಮರುದಿನವೂ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ವೈದ್ಯರಿಗೆ ತೋರಿಸಿ.

ನೂಕುನುಗ್ಗಲು

2023ರ ನವೆಂಬರ್ 25ರಂದು ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಬಯಲು ರಂಗಮಂದಿರದಲ್ಲಿ ಸಂಗೀತ ಕಾರ್ಯಕ್ರಮಕ್ಕೆ ಮುನ್ನ ಉಂಟಾದ ಕಾಲ್ತುಳಿತದಲ್ಲಿ ನಾಲ್ವರು ಸತ್ತರು. ಹಾಡಿಗೆಂದು ಬಂದ ಎಳೆಯರು ಮನೆಗೆ ಮರಳಲಿಲ್ಲ. ಹೋದ ಕೂಡಲೆ ಹೊರದಾರಿಗಳನ್ನು ನೋಡಿಟ್ಟುಕೊಳ್ಳಿ. ಭುಜಕ್ಕೆ ಭುಜ ತಾಗುವಷ್ಟು ಒತ್ತಾದರೆ ಆಗಲೇ ಅಂಚಿಗೆ ಸರಿಯಿರಿ. ಸಿಕ್ಕಿಕೊಂಡರೆ ಎರಡೂ ಕೈಗಳನ್ನು ಎದೆಯ ಮುಂದೆ ಮಡಿಸಿ ಹಿಡಿದು ಉಸಿರಾಟಕ್ಕೆ ಜಾಗ ಉಳಿಸಿಕೊಳ್ಳಿ. ಬಿದ್ದ ಚಪ್ಪಲಿ, ಫೋನು ಎತ್ತಲು ಬಗ್ಗಬೇಡಿ.

ಪಾಲಕರಿಗೊಂದು ಮಾತು

ಹೋಗಬೇಡ ಎನ್ನುವುದು ಸುಲಭ. ಅದಕ್ಕಿಂತ ಊಟ ಮಾಡಿಸಿ, ನೀರಿನ ಬಾಟಲಿ, ಎರಡು ಪೊಟ್ಟಣ ಓಆರ್‌ಎಸ್, ಗಾಯದ ಪಟ್ಟಿ ಕೊಟ್ಟು ಕಳುಹಿಸಿ. ಉಬ್ಬಸವಿರುವ ಮಗುವಿನ ಇನ್‌ಹೇಲರ್ ಮರೆಯದಿರಲಿ. ಹೆಸರು, ಮನೆಯ ಫೋನ್ ಸಂಖ್ಯೆ, ಸೇವಿಸುವ ಔಷಧ ಇವನ್ನು ಬರೆದ ಚೀಟಿ ಕಿಸೆಯಲ್ಲಿರಲಿ.

ಇವೆಲ್ಲಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಆ ರಾತ್ರಿ ಬಸ್ಸಿನಲ್ಲಿ ಹುಡುಗನನ್ನು ಪಕ್ಕದಲ್ಲೇ ಕೂರಿಸಿಕೊಂಡು ವಿಚಾರಿಸಿದೆ. ಮಧ್ಯಾಹ್ನ ಊಟ ಬಿಟ್ಟಿದ್ದನಂತೆ, ಬೀಳುವುದಕ್ಕೆ ಅರ್ಧ ಗಂಟೆ ಮೊದಲೇ ತಲೆ ತಿರುಗುತ್ತಿತ್ತಂತೆ. ಹಾಗಾದರೆ ಏಕೆ ಹೇಳಲಿಲ್ಲ ಎಂದೆ. "ಹೇಳಿದ್ರ ನೀವು ಬೈತಿದ್ರಿ ಸರ್" ಎಂದ. ಅವನ ಮಾತು ಸುಳ್ಳಲ್ಲ, ಬೈಯುತ್ತಿದ್ದೆ. ಅಂದಿನಿಂದ ಪ್ರವಾಸದ ಬಸ್ಸು ಹೊರಡುವ ಮುನ್ನ ಮಕ್ಕಳಿಗೆ ಒಂದು ಮಾತು ಕೊಡುತ್ತೇನೆ: ಮೈಯಲ್ಲಿ ಏನಾದರೂ ಸರಿಯಿಲ್ಲವೆಂದು ಬಂದು ಹೇಳಿದವರಿಗೆ ಬೈಗುಳವಿಲ್ಲ. ಮನೆಯಲ್ಲಿ ನೀವೂ ಆ ಮಾತು ಕೊಟ್ಟು ಕಳುಹಿಸಿ. ಹೇಳಿದ ತೊಂದರೆ ಸಾಮಾನ್ಯವಾಗಿ ಸಣ್ಣದಾಗಿಯೇ ಮುಗಿಯುತ್ತದೆ.