ಕೈಲ್‌ಪೊಳ್ದ್‌ಗೆ ಸಜ್ಜಾಗುವ ಏರ್‌ಗನ್

ಆಗಸ್ಟ್ ಕೊನೆಯ ವಾರ. ಗದ್ದೆಗಳಲ್ಲಿ ನಾಟಿ ಮುಗಿದಿದೆ, ಮಳೆ ಮಾತ್ರ ಮುಗಿದಿಲ್ಲ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್, ಅಂದರೆ ಕೊಡವರ ಆಯುಧಪೂಜೆಯ ಹಬ್ಬದ ಹೊತ್ತಿಗೆ ಕೋವಿ, ಒಡಿಕತ್ತಿ, ಪೀಚೆಕತ್ತಿಗಳೆಲ್ಲ ತುಕ್ಕು ಕಳಚಿ, ತೋಕ್‌ಪೂ ಎಂಬ ಹೂ ಮುಡಿದು ಐನ್‌ಮನೆಯ (ಕುಟುಂಬದ ಮೂಲಮನೆಯ) ದೀಪದ ಮುಂದೆ ಕೂರಬೇಕು. ಜಗಲಿಯಲ್ಲಿ ಗೋಣಿಚೀಲ ಹಾಸಿದೆ. ದೊಡ್ಡ ಕೋವಿಗಳ ಕೆಲಸ ಮುಗಿಸಿದ ಅಜ್ಜ ಈಗ ಮೊಮ್ಮಗಳ ಏರ್‌ಗನ್ ಎತ್ತಿಕೊಂಡಿದ್ದಾರೆ.

"ಅಜ್ಜ, ತೆಂಗಿನೆಣ್ಣೆ ತರಲಾ?"

"ಬೇಡ ಮಗಳೇ. ಈ ಚಳಿಗೆ ಅದು ಒಳಗೇ ಹೆಪ್ಪುಗಟ್ಟುತ್ತದೆ."

ಬೇರೆ ಎಣ್ಣೆಯಾದರೂ ಹೆಚ್ಚಾಗಬಾರದು. ಏರ್‌ಗನ್ನಿನ ನಳಿಕೆಯನ್ನು ಮಡಿಚಿದಾಗ ಒಳಗಿನ ಸ್ಪ್ರಿಂಗ್ ಕುಗ್ಗಿ ಪಿಸ್ಟನ್ ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಎಳೆದರೆ ಪಿಸ್ಟನ್ ಮುನ್ನುಗ್ಗಿ ಗಾಳಿಯನ್ನು ಒತ್ತುತ್ತದೆ; ಆ ಗಾಳಿ ಸೀಸದ ಪೆಲೆಟ್ಟನ್ನು ತಳ್ಳುತ್ತದೆ. ಒತ್ತಿದ ಗಾಳಿ ವಿಪರೀತ ಕಾಯುವುದರಿಂದ ಅಲ್ಲಿ ಹೆಚ್ಚುವರಿ ಎಣ್ಣೆ ಇದ್ದರೆ ಡೀಸೆಲ್ ಎಂಜಿನ್ನಿನೊಳಗಿನಂತೆ ಹೊತ್ತಿಕೊಳ್ಳುತ್ತದೆ. ಢಂ ಎಂಬ ಸದ್ದು, ನಳಿಕೆಯ ಬಾಯಲ್ಲಿ ಹೊಗೆ. ಹುಡುಗರು ಇದನ್ನೇ ಶಕ್ತಿ ಎಂದು ಸಂಭ್ರಮಿಸುತ್ತಾರೆ. ನಿಜವಾಗಿ ಅಲ್ಲಿ ಹಾಳಾಗುತ್ತಿರುವುದು ಪಿಸ್ಟನ್ನಿನ ಸೀಲು ಮತ್ತು ಸ್ಪ್ರಿಂಗ್. ಹಳೆಯ ಏರ್‌ಗನ್‌ಗಳ ಚರ್ಮದ ವಾಷರ್‌ಗೆ ಎಂದಾದರೊಮ್ಮೆ ಒಂದು ತೊಟ್ಟು ಎಣ್ಣೆ ಬೇಕು, ಒಣಗಿದರೆ ಗಾಳಿ ಸೋರುತ್ತದೆ. ಈಗಿನ ಸಿಂಥೆಟಿಕ್ ಸೀಲಿಗೆ ಅದೂ ಬೇಡ.

ಅಜ್ಜ ನಳಿಕೆ ಕೂಡುವ ಸಂದಿನ ಮೇಲೆ ತೆಳು ಕಾಗದದ ಚೂರೊಂದನ್ನು ಇಟ್ಟು, ಪೆಲೆಟ್ ತುಂಬಿ, ಅಂಗಳದಾಚೆಯ ಮಣ್ಣಿನ ದಿಬ್ಬಕ್ಕೆ ಹೊಡೆದರು. ಕಾಗದ ಹಾರಿತು. ಸಂದಿನ ಸೀಲು ಸವೆದಿದೆ! ಹೊಸದನ್ನು ಕೂರಿಸಿ ಮತ್ತೆ ಹೊಡೆದಾಗ ಕಾಗದ ಮಿಸುಕಲಿಲ್ಲ. ಆಮೇಲೆ ಹಿಡಿಯ ಸ್ಕ್ರೂಗಳು. ಹೊಡೆತಕ್ಕೆ ಈ ಕೋವಿ ಮೊದಲು ಹಿಂದಕ್ಕೆ, ಪಿಸ್ಟನ್ ನಿಂತೊಡನೆ ಮುಂದಕ್ಕೆ, ಹೀಗೆ ಎರಡು ಸಲ ಅದುರುವುದರಿಂದ ಸ್ಕ್ರೂಗಳು ಸಡಿಲುತ್ತಲೇ ಇರುತ್ತವೆ. ಗುರಿ ತಪ್ಪಿದರೆ ಕಣ್ಣನ್ನು ದೂರುವ ಮೊದಲು ಸ್ಕ್ರೂ ನೋಡಬೇಕು. ಹಿಡಿತವೂ ಅಷ್ಟೇ: ಬಿಗಿಯಾಗಿ ಅಮುಕಿದರೆ ಪೆಲೆಟ್ ದಿಕ್ಕು ತಪ್ಪುತ್ತದೆ, ಅಂಗೈ ಮೇಲೆ ಹಗುರಾಗಿ ಕೂರಿಸಿದರೆ ಒಂದೇ ಕಡೆ ಬೀಳುತ್ತದೆ. ಟ್ಯೂನಿಂಗ್ ಎಂದರೆ ಜೋರು ಹೆಚ್ಚಿಸುವುದು ಎಂದು ನಂಬಿ ಗಟ್ಟಿ ಸ್ಪ್ರಿಂಗ್ ಹಾಕಿಸುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಪ್ರತಿ ಹೊಡೆತವೂ ಹಿಂದಿನದರಂತೆಯೇ ಇರಬೇಕು, ಅದೇ ಟ್ಯೂನಿಂಗ್.

ಸ್ಪ್ರಿಂಗ್ ಬದಲಿಸುವುದನ್ನು ಅಜ್ಜ ಮನೆಯಲ್ಲಿ ಮಾಡುವುದಿಲ್ಲ. ಬಿಚ್ಚುವಾಗ ಅದು ಸಿಡಿದರೆ ಮುಖಕ್ಕೇ ಬರುತ್ತದೆ. ಪೆಲೆಟ್ಟಿಲ್ಲದೆ ಟ್ರಿಗರ್ ಎಳೆಯಲೂ ಬಿಡುವುದಿಲ್ಲ, ಏಕೆಂದರೆ ತಡೆಯಿಲ್ಲದ ಪಿಸ್ಟನ್ ಕೊನೆಗೆ ಹೋಗಿ ಬಡಿಯುತ್ತದೆ. ಸ್ಪ್ರಿಂಗನ್ನು ಒತ್ತಿಯೇ ಇಟ್ಟರೆ ದಿನ ಕಳೆದಂತೆ ಸೊರಗುತ್ತದೆ.

ಇನ್ನು ಪರವಾನಗಿಯ ಮಾತು. ಕೊಡಗಿನ ಕೋವಿಗಳಿಗೆ 1861ರಿಂದ ಬಂದ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ಮುಂದುವರಿಸಿತು. ಕೊಡವರ ಮತ್ತು ಜಮ್ಮಾ (ವಂಶಪಾರಂಪರ್ಯ ಭೂಮಿಯ) ಹಿಡುವಳಿದಾರರ ಕೋವಿಗಳಿಗೆ ಆ ವಿನಾಯಿತಿ ಬೇಕು; ಆದರೆ 4.5 ಮಿ.ಮೀ. ನಳಿಕೆಯ, 20 ಜೂಲ್ ಮೀರದ ಏರ್‌ಗನ್‌ಗೆ ದೇಶದಲ್ಲೆಲ್ಲೂ ಪರವಾನಗಿಯೇ ಬೇಕಿಲ್ಲ. ಹಬ್ಬದ ದಿನ ಎತ್ತರಕ್ಕೆ ಕಟ್ಟಿದ ತೆಂಗಿನಕಾಯಿಗೆ ದೊಡ್ಡವರು ಗುಂಡು ಹೊಡೆಯುವಾಗ ಮಕ್ಕಳ ಕೈಗೆ ಮೊದಲು ಬರುವುದು ಇದೇ.

ಪರವಾನಗಿ ಬೇಡವೆಂದ ಮಾತ್ರಕ್ಕೆ ತೋಟದ ಹಕ್ಕಿಗಳು ಗುರಿಯಾಗಬಾರದು. 1972ರ ವನ್ಯಜೀವಿ ಕಾಯ್ದೆಗೆ ಏರ್‌ಗನ್ನಿನ ಬೇಟೆಯೂ ಬೇಟೆಯೇ. ಮಕ್ಕಳಿಗೆ ಕೋವಿ ಕೊಡುವ ಹಿರಿಯರು ಪೆಲೆಟ್ ಡಬ್ಬಿಯ ಜೊತೆಗೆ ಈ ಮಾತನ್ನೂ ಕೊಡಿ.